ನೀರುನಾಯಿ ಮತ್ತು ಕೊಳವೆ ಉರುಳು: ನದಿತೀರದ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ನೀರಿನಲ್ಲಿ ಕೊಳವೆಯನ್ನು ಹುದುಗಿಸಿ, ಅದರ ಬಾಯಿಗೆ ಉರುಳನ್ನು ಹೂಡಿ ನೀರುನಾಯಿಯನ್ನು ಹಿಡಿಯುವ ವಿಧಾನ ಉತ್ತರ ಅಮೆರಿಕದ ಬೇಟೆಗಾರರಲ್ಲಿ ಬಳಕೆಯಲ್ಲಿದೆ. ಅಲ್ಲಿ ಅದು ನಿಗದಿತ ಋತುವಿನಲ್ಲಿ, ಪರವಾನಗಿ ಪಡೆದು ನಡೆಸುವ ಕಾರ್ಯ. ನಮ್ಮಲ್ಲಿ ಅದೇ ಕೃತ್ಯ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸದ ಅಪರಾಧ. ಹೊರದೇಶದ ದೃಶ್ಯಗಳು ಇಂದು ಮಕ್ಕಳ ಕೈಯ ಮೊಬೈಲಿಗೂ ಬರುತ್ತವೆ. ಆದರೆ ಅವುಗಳ ಜತೆಗೆ ನಮ್ಮ ದೇಶದ ಕಾನೂನು ಬರುವುದಿಲ್ಲ. ಗಡಿನಾಡಿನ ನದಿತೀರಗಳಲ್ಲಿ ಹಾಕುವ ಎಚ್ಚರಿಕೆಯ ಫಲಕಗಳೂ ಬಹುಮಟ್ಟಿಗೆ ಆಯಾ ರಾಜ್ಯಭಾಷೆಯಲ್ಲಿರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಅವು ತಲಪುವುದಿಲ್ಲ. ಆದುದರಿಂದ ಈ ಪ್ರಾಣಿ, ಈ ಉರುಳು ಹಾಗೂ ಈ ಕಾನೂನು ಮೂರನ್ನೂ ಒಂದೆಡೆ ಕನ್ನಡದಲ್ಲಿ ನಿರೂಪಿಸುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಹೆಸರು ಮತ್ತು ಕುಲ

ಕನ್ನಡದ ‘ನೀರುನಾಯಿ’, ಮಲಯಾಳದ ‘ನೀರ್‌ನಾಯ’, ತಮಿಳಿನ ‘ನೀರ್‌ನಾಯ್’, ತೆಲುಗಿನ ‘ನೀಟಿಕುಕ್ಕ’ ಈ ನಾಲ್ಕೂ ಒಂದೇ ಅರ್ಥದ ಪದಗಳು. ಮರಾಠಿಯವರು ಮಾತ್ರ ಇದನ್ನು ‘ಪಾಣಮಾಂಜರ’, ಅಂದರೆ ನೀರುಬೆಕ್ಕು ಎಂದು ಕರೆದರು. ವಾಸ್ತವದಲ್ಲಿ ಇದು ನಾಯಿಯೂ ಅಲ್ಲ, ಬೆಕ್ಕೂ ಅಲ್ಲ. ವೀಸೆಲ್, ಮಾರ್ಟೆನ್ ಮೊದಲಾದವುಗಳ ಕುಟುಂಬಕ್ಕೆ ಸೇರಿದ ಸಸ್ತನಿ. ಬೆರಳುಗಳ ನಡುವಣ ಜಾಲಪೊರೆ, ನೀರನ್ನು ಒಳಕ್ಕೆ ಬಿಡದ ದಟ್ಟವಾದ ಒಳರೋಮ, ಚುಕ್ಕಾಣಿಯಂತೆ ವರ್ತಿಸುವ ಬಲವಾದ ಬಾಲ ಇವು ಇದರ ಲಕ್ಷಣಗಳು. ಮೀನಿನಂತೆ ಈಜಿದರೂ ಇದು ಉಸಿರಾಡುವುದು ಗಾಳಿಯನ್ನೇ. ಕೆಲವು ನಿಮಿಷಗಳಿಗಿಂತ ಹೆಚ್ಚು ಕಾಲ ನೀರೊಳಗೆ ಸಿಲುಕಿದರೆ ನೀರುನಾಯಿಯೂ ಮುಳುಗಿ ಸಾಯುತ್ತದೆ. ಮುಂದೆ ಹೇಳುವ ಎಲ್ಲ ಸಂಗತಿಗಳಿಗೂ ಈ ಅಂಶವೇ ಮೂಲ.

ಭಾರತದಲ್ಲಿ ಮೂರು ಪ್ರಭೇದಗಳಿವೆ. ನುಣುಪುಚರ್ಮದ ನೀರುನಾಯಿ ದೊಡ್ಡ ನದಿಗಳಲ್ಲಿ ಗುಂಪಾಗಿ ವಾಸಿಸುತ್ತದೆ. ತೂಕ ಸುಮಾರು 7ರಿಂದ 11 ಕಿಲೊಗ್ರಾಂ. ಮುಖ್ಯ ಆಹಾರ ಮೀನು. ಚಿಕ್ಕುಗುರಿನ ನೀರುನಾಯಿ ಲೋಕದ ನೀರುನಾಯಿಗಳಲ್ಲೇ ಅತ್ಯಂತ ಕಿರಿದು. ತೂಕ ಸಾಮಾನ್ಯವಾಗಿ ಮೂರೂವರೆ ಕಿಲೊಗ್ರಾಂ ಮೀರದು. ಪಶ್ಚಿಮಘಟ್ಟದ ತಂಪು ತೊರೆಗಳಲ್ಲಿ ಏಡಿಗಳನ್ನು ಹಿಡಿದು ಬದುಕುತ್ತದೆ. ಮೂರನೆಯದಾದ ಯುರೇಷ್ಯದ ನೀರುನಾಯಿ ದಕ್ಷಿಣ ಭಾರತದಲ್ಲಿ ಕಾಣಸಿಗುವುದು ಬಹು ವಿರಳ. ಮೊದಲೆರಡು ಪ್ರಭೇದಗಳನ್ನು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯು ಅಪಾಯಕ್ಕೀಡಾಗಬಲ್ಲವುಗಳೆಂದು ಗುರುತಿಸಿದೆ.

ನಮ್ಮ ನೆರೆಯ ನದಿಗಳಲ್ಲಿ

ವಯನಾಡಿನಲ್ಲಿ ಹುಟ್ಟಿ ಕರ್ನಾಟಕಕ್ಕೆ ಇಳಿಯುವ ಕಬಿನಿ, ನೀಲಗಿರಿ ಮತ್ತು ಬಂಡೀಪುರಗಳ ನಡುವೆ ಹರಿದು ಭವಾನಿಯನ್ನು ಕೂಡುವ ಮೋಯಾರ್, ಹೊಸೂರು ಸೀಮೆಯ ಕಾವೇರಿ ಉತ್ತರ ವನ್ಯಜೀವಿಧಾಮ, ಗೋವೆಯ ಮಾಂಡೋವಿ ತೀರದ ಕಾಂಡ್ಲಾಕಾಡು ಇವೆಲ್ಲ ನೀರುನಾಯಿಗಳ ನೆಲೆಗಳು. ಕರ್ನಾಟಕ ಸರಕಾರವು 2015ರಲ್ಲಿ ತುಂಗಭದ್ರಾ ನದಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೊಮೀಟರ್ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ದೇಶದಲ್ಲಿ ಈ ಬಗೆಯದು ಇದೇ ಮೊದಲು. ಹಂಪಿಯ ಬಂಡೆಗಳ ನಡುವಿನ ಆ ನೀರೇ ಮುಂದೆ ಮಂತ್ರಾಲಯದ ಬಳಿ ಹರಿಯುತ್ತದೆ. ನೀರುನಾಯಿಗೆ ರಾಜ್ಯಗಳ ಗಡಿ ತಿಳಿಯದು. ನದಿಯೇ ಅದರ ಊರು.

ಕೊಳವೆ ಉರುಳು ಎಂದರೇನು

ನೀರುನಾಯಿ ಗೊತ್ತಾದ ಜಾಡುಗಳಲ್ಲಿ ಸಂಚರಿಸುವ ಪ್ರಾಣಿ. ದಡದ ಅಂಚನ್ನು ಅನುಸರಿಸಿ ಈಜುತ್ತದೆ. ಎದುರಾದ ಪ್ರತಿಯೊಂದು ಪೊಟರೆ, ಬಿಲ, ಮೋರಿಗಳೊಳಗೆ ಮೂತಿಯಿಟ್ಟು ನೋಡುತ್ತದೆ. ಅಂತಹ ಸಂದುಗಳಲ್ಲಿ ಮೀನು ಅಡಗಿರುವುದು ಅದಕ್ಕೆ ಗೊತ್ತು. ಅಮೆರಿಕದ ಬೇಟೆಗಾರರು ಈ ಸ್ವಭಾವವನ್ನೇ ಬಳಸಿಕೊಳ್ಳುತ್ತಾರೆ. ನೀರು ಕಿರಿದಾಗುವ ಕಡೆಯಲ್ಲಿ ಪ್ಲಾಸ್ಟಿಕ್ ಅಥವಾ ಸಿಮೆಂಟಿನ ಕೊಳವೆಯನ್ನಿಟ್ಟು ಅದರ ಬಾಯಲ್ಲಿ ಉರುಳನ್ನು ಹೂಡುತ್ತಾರೆ. ಪ್ರಾಣಿಯು ಬದಿಯಿಂದ ಜಾರಿಹೋಗದಂತೆ ಕೊಳವೆ ಅದನ್ನು ನೇರವಾಗಿ ಉರುಳಿನೆಡೆಗೆ ನಡೆಸುತ್ತದೆ.

ಇಂತಹ ಕಡೆ ಬಳಸುವುದು ಸಾಮಾನ್ಯವಾಗಿ ಎರಡು ಚೌಕಟ್ಟುಗಳ ಕಬ್ಬಿಣದ ಉರುಳು. ಪ್ರಾಣಿ ತಂತಿಯನ್ನು ತಾಕಿದೊಡನೆ ಸ್ಪ್ರಿಂಗ್ ಬಿಚ್ಚಿಕೊಂಡು ಚೌಕಟ್ಟುಗಳು ಕುತ್ತಿಗೆಯನ್ನೋ ಎದೆಯನ್ನೋ ಅದುಮುತ್ತವೆ. ಇದನ್ನು ರೂಪಿಸಿದ ಫ್ರಾಂಕ್ ಕಾನಿಬೇರ್ ಕೆನಡಾದ ಬೇಟೆಗಾರರು. ಕಾಲನ್ನು ಹಿಡಿದು ಗಂಟೆಗಟ್ಟಲೆ ನರಳಿಸುವ ಹಳೆಯ ಉರುಳಿಗಿಂತ ಬೇಗ ಸಾವು ತರುವ ಸಾಧನ ಬೇಕೆಂಬುದು ಅವರ ಉದ್ದೇಶವಾಗಿತ್ತು. 1950ರ ದಶಕದಿಂದ ಅದು ಬಳಕೆಗೆ ಬಂದಿತು. ಆದರೆ ಈ ಉರುಳಿಗೆ ಆಯ್ಕೆಯ ಶಕ್ತಿಯಿಲ್ಲ. ಆಮೆ, ಬಾತು, ಸಾಕುನಾಯಿ, ನೀರಿಗಿಳಿದ ಮಗುವಿನ ಕೈ ಯಾವುದು ಒಳಹೊಕ್ಕರೂ ಅದು ಒಂದೇ ಬಲದಿಂದ ಮುಚ್ಚಿಕೊಳ್ಳುತ್ತದೆ. ಈ ಕಾರಣದಿಂದಲೇ ದೊಡ್ಡ ಗಾತ್ರದ ಉರುಳುಗಳನ್ನು ನೀರಿನೊಳಗೆ ಮಾತ್ರ ಇಡಬೇಕೆಂದು ಅಮೆರಿಕದ ಹಲವು ರಾಜ್ಯಗಳು ವಿಧಿಸಿವೆ.

ಅಲ್ಲಿ ಏಕೆ ಅನುಮತಿ, ಇಲ್ಲಿ ಏಕೆ ನಿಷೇಧ

ಮಕ್ಕಳು ಕೇಳುವ ನ್ಯಾಯವಾದ ಪ್ರಶ್ನೆ ಇದು. ಉತ್ತರಕ್ಕೆ ಅಮೆರಿಕದ ಮಿಸೌರಿ ರಾಜ್ಯದ ಉದಾಹರಣೆ ಸಾಕು. ಲಗಾಮಿಲ್ಲದ ಬೇಟೆ ಹಾಗೂ ನೆಲೆಯ ನಾಶದಿಂದ ಅಲ್ಲಿ ನೀರುನಾಯಿಗಳು ಬಹುತೇಕ ಅಳಿದುಹೋಗಿದ್ದವು. 1982ರಿಂದ 1992ರವರೆಗೆ ಸರಕಾರವು ಬಹುಪಾಲು ಲೂಯಿಸಿಯಾನಾದಿಂದ 845 ನೀರುನಾಯಿಗಳನ್ನು ತರಿಸಿ ನದಿಗಳಲ್ಲಿ ಬಿಟ್ಟಿತು. ಅವು ಹೆಚ್ಚಿ, ಮೀನುಕೊಳಗಳ ಒಡೆಯರ ದೂರುಗಳೂ ಹೆಚ್ಚಿದ ಮೇಲೆ, 1996ರಲ್ಲಿ ನಿಯಂತ್ರಿತ ಬೇಟೆಗೆ ಅವಕಾಶ ದೊರೆಯಿತು. ಅಂದರೆ ಅಲ್ಲಿಯ ಅನುಮತಿಗೆ ಮುನ್ನ ಒಂದು ದಶಕದ ದುಬಾರಿ ಪ್ರಾಯಶ್ಚಿತ್ತವಿದೆ. ಅಲ್ಲಿಂದ ಹೊರದೇಶಕ್ಕೆ ಹೋಗುವ ಚರ್ಮಕ್ಕೂ ಅಂತಾರಾಷ್ಟ್ರೀಯ ಒಪ್ಪಂದದಂತೆ ಗುರುತುಪಟ್ಟಿ ಇರಲೇಬೇಕು.

ನಮ್ಮಲ್ಲಿ ಅಂತಹ ಚೇತರಿಕೆ ನಡೆದಿಲ್ಲ. ಚರ್ಮದ ಕಳ್ಳವ್ಯಾಪಾರ ಮಾತ್ರ ನಡೆದಿದೆ. 2003ರ ಅಕ್ಟೋಬರಿನಲ್ಲಿ ಟಿಬೆಟಿನ ಸಾಂಗ್‌ಸಾಂಗ್ ಎಂಬಲ್ಲಿ ಒಂದೇ ಸಲ ವಶಪಡಿಸಿಕೊಂಡ ಸರಕಿನಲ್ಲಿ 31 ಹುಲಿಚರ್ಮ, 581 ಚಿರತೆಚರ್ಮಗಳ ಜತೆಗೆ 778 ನೀರುನಾಯಿ ಚರ್ಮಗಳಿದ್ದವು. ಹುಲಿಯ ಸಾವು ಸುದ್ದಿಯಾಗುತ್ತದೆ; ನೀರುನಾಯಿಯ ಸಾವು ಲೆಕ್ಕಕ್ಕೂ ಬರುವುದಿಲ್ಲ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಮೀನುಗಾರಿಕೆ, ತೀರದ ಪೊದೆಗಳ ನಾಶ ಇವು ಉಳಿದ ಕಾರಣಗಳು. 2019ರಲ್ಲಿ ನುಣುಪುಚರ್ಮದ ಹಾಗೂ ಚಿಕ್ಕುಗುರಿನ ನೀರುನಾಯಿಗಳೆರಡನ್ನೂ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರ ಪೂರ್ಣ ನಿಷಿದ್ಧವಾದ ಪಟ್ಟಿಗೆ ಸೇರಿಸಲಾಯಿತು.

ಕಾನೂನು ಹೇಳುವುದೇನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ದೇಶಕ್ಕೆಲ್ಲ ಅನ್ವಯಿಸುತ್ತದೆ; ಗಡಿಯ ಈಚೆಗೂ ಆಚೆಗೂ ಅದರಲ್ಲಿ ವ್ಯತ್ಯಾಸವಿಲ್ಲ. 2022ರ ತಿದ್ದುಪಡಿಯ ಬಳಿಕ ನೀರುನಾಯಿಗಳು ಅತ್ಯುನ್ನತ ರಕ್ಷಣೆಯ ಒಂದನೆಯ ಅನುಸೂಚಿಯಲ್ಲಿವೆ. ಓದುಗರು ಮೂರು ಅಂಶಗಳನ್ನು ನೆನಪಿಡಬೇಕು.

ಮೊದಲನೆಯದು, ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳೊಡ್ಡುವುದು, ಆಮಿಷವಿಡುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಬೇಟೆಯೇ. ಪ್ರಾಣಿ ಸಿಕ್ಕದಿದ್ದರೂ, ನೀರುನಾಯಿಗೆಂದು ಹೂಡಿದ ಕೊಳವೆಯೇ ಅಪರಾಧಕ್ಕೆ ಸಾಕು.

ಎರಡನೆಯದು, ಒಂದನೆಯ ಅನುಸೂಚಿಯ ಪ್ರಾಣಿಯ ಬೇಟೆಗೆ ಮೂರರಿಂದ ಏಳು ವರ್ಷಗಳ ಸೆರೆವಾಸ ಹಾಗೂ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ.

ಮೂರನೆಯದು, ಸಂರಕ್ಷಿತ ಪ್ರಾಣಿಯಾಗಲಿ ಅದರ ಚರ್ಮವಾಗಲಿ ಯಾವುದೇ ರೀತಿಯಲ್ಲಿ ಕೈಸೇರಿದರೆ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಿ ಒಪ್ಪಿಸಬೇಕು. ಮೀನುಬಲೆಯಲ್ಲಿ ಅಕಸ್ಮಾತ್ತಾಗಿ ಸತ್ತ ನೀರುನಾಯಿಯನ್ನು ಹೆದರಿಕೆಯಿಂದ ಹೂತು ಬಿಡುವುದು ತಪ್ಪು. ಸುದ್ದಿ ಮುಟ್ಟಿಸುವುದೇ ಕುಟುಂಬಕ್ಕೆ ರಕ್ಷೆ.

ಮೀನುಗಾರರ ಕಷ್ಟ ಮತ್ತು ಅದಕ್ಕೆ ದಾರಿ

ನೀರುನಾಯಿ ಬಲೆಯನ್ನು ಹರಿದು ಮೀನು ಕದಿಯುತ್ತದೆ ಎಂಬ ದೂರು ಸುಳ್ಳಲ್ಲ. ದಿನದ ದುಡಿಮೆಯೇ ಬಲೆಯಲ್ಲಿರುವ ಕುಟುಂಬಕ್ಕೆ ಅದು ನಿಜವಾದ ನಷ್ಟ. ಆದರೆ ಒಂದು ಗುಂಪನ್ನು ಕೊಂದರೆ ತೆರವಾದ ನೀರಿಗೆ ಇನ್ನೊಂದು ಗುಂಪು ಬರಬಹುದು. ನಷ್ಟ ನಿಲ್ಲುವುದೆಂಬ ಭರವಸೆಯಿಲ್ಲ. ಕತ್ತಲಾಗುವ ಮುನ್ನ ಹಾಕಿ ಬೆಳಗಿನವರೆಗೆ ಬಿಟ್ಟ ಬಲೆಗಿಂತ ಆಗಾಗ ನೋಡಿ ಎತ್ತುವ ಬಲೆಯಲ್ಲಿ ಹಾನಿ ಕಡಿಮೆ. ಚಿಕ್ಕ ಮೀನುಕೊಳಗಳಿಗೆ ಬುಡವನ್ನು ಮಣ್ಣೊಳಗೆ ಹೂತ ಗಟ್ಟಿ ತಂತಿಬೇಲಿಯೇ ಸರಿಯಾದ ಉಪಾಯ.

ಕೂಣಿ ಅಥವಾ ಕೂಳಿ ಎಂದು ನಮ್ಮವರು ಕರೆಯುವ ಬುಟ್ಟಿಬಲೆಯ ಬಾಯಿ ಅಗಲವಾಗಿದ್ದರೆ, ಮೀನನ್ನು ಬೆನ್ನಟ್ಟಿ ಒಳಹೊಕ್ಕ ನೀರುನಾಯಿ ಹೊರಬರಲಾರದೆ ಮುಳುಗಬಹುದು. ಯಾರೂ ಬಯಸದೆಯೇ ಅದೂ ಒಂದು ಕೊಳವೆ ಉರುಳಾಗುತ್ತದೆ. ಯುರೋಪಿನಲ್ಲಿ ಇಂತಹ ಸಾವುಗಳು ಹೆಚ್ಚಿದಾಗ ಸರಳ ಪರಿಹಾರವೊಂದನ್ನು ಕಂಡುಕೊಂಡರು. ಇಂಗ್ಲೆಂಡಿನಲ್ಲಿ ಕೊಳವೆಯಾಕಾರದ ಮೀನುಬಲೆಗಳ ಬಾಯಿಗೆ ಸುಮಾರು 85 ಮಿಲಿಮೀಟರ್ ಕಂಡಿಯ ಗಟ್ಟಿ ಜಾಲರಿಯನ್ನು ಕಟ್ಟುವ ನಿಯಮವಿದೆ. ಮೀನು ಅದರಲ್ಲಿ ನುಸುಳುತ್ತದೆ. ಬೆಳೆದ ನೀರುನಾಯಿಯ ತಲೆ ನುಸುಳದು. ಅಲ್ಲಿಯ ಅಳತೆ ಅಲ್ಲಿಯ ಪ್ರಭೇದಕ್ಕೆ ಹೊಂದಿದ್ದು. ನಮ್ಮ ತೊರೆಗಳ ಚಿಕ್ಕುಗುರಿನ ನೀರುನಾಯಿಗೆ ಕಂಡಿ ಇನ್ನೂ ಕಿರಿದಾಗಿರಬೇಕು. ಬಿದಿರುಕಡ್ಡಿಗಳಿಂದಲೇ ಇಂತಹ ಅಡ್ಡಪಟ್ಟಿಯನ್ನು ಕಟ್ಟಬಲ್ಲ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ.

ಬಾಂಗ್ಲಾದೇಶದ ನಡೈಲ್ ಸೀಮೆಯ ಮೀನುಗಾರರು ನುಣುಪುಚರ್ಮದ ನೀರುನಾಯಿಗಳನ್ನು ತಲೆಮಾರುಗಳಿಂದ ಸಾಕಿ, ಮೀನುಗಳನ್ನು ಬಲೆಯತ್ತ ಅಟ್ಟಿಸಿಕೊಳ್ಳುತ್ತಾರೆ. ಕಾಡಿನ ಪ್ರಾಣಿಯನ್ನು ಹಿಡಿದು ಸಾಕಲು ನಮ್ಮ ಕಾನೂನು ಒಪ್ಪದು. ಆದರೂ ಮನುಷ್ಯನಿಗೂ ನೀರುನಾಯಿಗೂ ವೈರವೊಂದೇ ಸಂಬಂಧವಲ್ಲ ಎಂಬುದಕ್ಕೆ ಅದು ಸಾಕ್ಷಿ.

ಅದೇ ಕೊಳವೆ, ಬೇರೆ ಉದ್ದೇಶ

ಕೊಳವೆಯೆಂದರೆ ಕೊಲ್ಲುವ ಸಾಧನವೇ ಆಗಬೇಕಿಲ್ಲ. ಬ್ರಿಟನ್ನಿನಲ್ಲಿ ಹೊಳೆಗೆ ಪ್ರವಾಹ ಬಂದು ಸೇತುವೆಯ ಕೆಳಗಿನ ದಾರಿ ಮುಚ್ಚಿದಾಗ ನೀರುನಾಯಿಗಳು ರಸ್ತೆಗೇರಿ ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದವು. ಅದಕ್ಕಾಗಿ ರಸ್ತೆಯಡಿಯಲ್ಲಿ, ನೆರೆಯ ಮಟ್ಟಕ್ಕಿಂತ ಮೇಲೆ, ಸಾಮಾನ್ಯವಾಗಿ 600 ಮಿಲಿಮೀಟರ್ ಅಥವಾ ಹೆಚ್ಚು ವ್ಯಾಸದ ಒಣ ಕೊಳವೆಗಳನ್ನು ಹೂಳುತ್ತಾರೆ. ಕಿರಿದಾದ ದಾರಿ ಕಂಡಲ್ಲಿ ನುಗ್ಗುವ ಯಾವ ಸ್ವಭಾವ ನೀರುನಾಯಿಯನ್ನು ಉರುಳಿಗೆ ಒಯ್ಯುತ್ತದೆಯೋ ಅದೇ ಸ್ವಭಾವ ಇಲ್ಲಿ ಅದನ್ನು ಉಳಿಸುತ್ತದೆ. ಪ್ರಾಣಿಯ ನಡೆಯನ್ನು ಬೇಟೆಗಾರನಷ್ಟೇ ಚೆನ್ನಾಗಿ ಬಲ್ಲವನು ಮಾತ್ರ ಅದನ್ನು ಕಾಪಾಡಬಲ್ಲ.

ಮಕ್ಕಳು ಮಾಡಬಹುದಾದುದು

ಎತ್ತರದ ಬಂಡೆಯ ಮೇಲೆ ಮೀನಿನ ಪೊರೆ ಅಥವಾ ಏಡಿಯ ಚಿಪ್ಪಿನ ಚೂರುಗಳಿರುವ ಹಿಕ್ಕೆ, ಒದ್ದೆ ಮರಳಿನಲ್ಲಿ ಐದು ಬೆರಳಿನ ಹೆಜ್ಜೆ, ತೀರದ ಬೇರುಗಳಡಿಯ ಬಿಲ ಇವು ನೀರುನಾಯಿಯ ಗುರುತುಗಳು. ಕಂಡ ದಿನಾಂಕ ಹಾಗೂ ಸ್ಥಳವನ್ನು ಶಾಲೆಯ ಪರಿಸರ ಸಂಘದ ಪುಸ್ತಕದಲ್ಲಿ ಬರೆದಿಟ್ಟರೆ ಅದೇ ಒಂದು ದಾಖಲೆ. ಬಿಲದ ಬಳಿ ಹೋಗಬಾರದು. ಮರಿಗಳಿರುವ ತಾಯಿ ಕಚ್ಚೀತು. ಒಂಟಿ ಮರಿ ಕಂಡರೂ ಎತ್ತಿ ತರಬಾರದು. ನೀರಿನಲ್ಲಿ ಉರುಳನ್ನೋ ಶಂಕಾಸ್ಪದ ಕೊಳವೆಯನ್ನೋ ಕಂಡರೆ ಮುಟ್ಟದೆ, ಮನೆಯ ಹಿರಿಯರ ಮೂಲಕ ಹತ್ತಿರದ ಅರಣ್ಯ ವಲಯ ಕಚೇರಿಗೆ ತಿಳಿಸಬೇಕು. ದೂರನ್ನು ಕನ್ನಡದಲ್ಲಿ ಬರೆದು ಕೊಡಲು ಹಿಂಜರಿಯಬೇಕಿಲ್ಲ. ಅಹವಾಲನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ.

ಪ್ರತಿವರ್ಷ ಮೇ ತಿಂಗಳ ಕೊನೆಯ ಬುಧವಾರ ವಿಶ್ವ ನೀರುನಾಯಿ ದಿನ. ಆಗ ಶಾಲೆಗಳಿಗೆ ರಜೆಯಿದ್ದರೂ ನದಿ ಮನೆಯ ಬಳಿಯೇ ಇರುತ್ತದೆ. ಮಗುವನ್ನು ತೀರಕ್ಕೆ ಕರೆದೊಯ್ದು ಮರಳಿನ ಮೇಲಿನ ಹೆಜ್ಜೆಯನ್ನು ತೋರಿಸಿ, ಅದರ ಹೆಸರನ್ನು ಮನೆಯ ಭಾಷೆಯಲ್ಲಿ ಹೇಳಿಕೊಡುವಂತೆ ಹಿರಿಯರಲ್ಲಿ ನಾವು ಕೋರುತ್ತೇವೆ.