ಆನ್‌ಲೈನ್ ಅರ್ಜಿ ಸಲ್ಲಿಸುವವರಿಗೆ ಗಣಕ ಜಾಲ ಸುರಕ್ಷತೆಯ ಬಗ್ಗೆ ಮಾಹಿತಿ

ಕಾರವಾರ ತಾಲ್ಲೂಕಿನ ಕಿನ್ನರದಂತಹ ಗ್ರಾಮಗಳ ನಿವಾಸಿಗಳು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ ಮುಂತಾದವುಗಳನ್ನು ಸರ್ಕಾರದ ಜಾಲತಾಣಗಳ ಮೂಲಕ ಪಡೆಯಬಹುದಾಗಿದೆ. ಸ್ವಂತ ಗಣಕಯಂತ್ರವಿಲ್ಲದವರು ಕಾರವಾರ ಅಥವಾ ಅಂಕೋಲಾದ ಸೈಬರ್ ಕೇಂದ್ರಗಳನ್ನೂ ಜೆರಾಕ್ಸ್ ಅಂಗಡಿಗಳನ್ನೂ ಅವಲಂಬಿಸುವುದು ಸಾಮಾನ್ಯ. ಅಲ್ಲಿ ತೆರೆದ ಆಧಾರ್ ಮತ್ತು ಪಾಸ್‌ಬುಕ್ ಪ್ರತಿಗಳು ಅರ್ಜಿದಾರರು ಹೊರಟ ನಂತರವೂ ಆ ಗಣಕಯಂತ್ರದಲ್ಲಿಯೇ ಉಳಿಯುತ್ತವೆ. ಅವುಗಳನ್ನು ತಮ್ಮೆದುರಿನಲ್ಲಿಯೇ ಅಳಿಸಿ, ಲಾಗ್‌ಔಟ್ ಮಾಡಿಸತಕ್ಕದ್ದು.

ನಕಲಿ ಜಾಲತಾಣ: ಸೇವಾಸಿಂಧು, ನಾಡಕಚೇರಿ ಮತ್ತು ಭೂಮಿ ಜಾಲತಾಣಗಳ ವಿಳಾಸವು 'ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ಎಂದು ಕೊನೆಗೊಳ್ಳುತ್ತದೆ. ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆ ಇದ್ದ ಮಾತ್ರಕ್ಕೆ ಅದು ಸರ್ಕಾರಿ ತಾಣವೆಂದು ಭಾವಿಸಬಾರದು. ಆ ಚಿಹ್ನೆಯನ್ನು ನಕಲಿ ತಾಣದವರೂ ಪಡೆಯಬಲ್ಲರು. ಸಹಾಯಧನ ಅಥವಾ ದಂಡದ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಬರುವ ಎಪಿಕೆ ಕಡತಗಳನ್ನು ತೆರೆಯಬಾರದು. ಅವು ಮೊಬೈಲಿಗೆ ಬರುವ ಒಟಿಪಿಯನ್ನು ಓದಬಲ್ಲವು.

ಬೆರಳಚ್ಚಿನ ದುರ್ಬಳಕೆ: ಒಟಿಪಿಯನ್ನು ಯಾರಿಗೂ ತಿಳಿಸದಿದ್ದರೆ ಖಾತೆ ಸುರಕ್ಷಿತವೆಂಬ ನಂಬಿಕೆ ಪೂರ್ಣ ಸರಿಯಲ್ಲ. 2023ರಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ, ಆಸ್ತಿ ದಸ್ತಾವೇಜು ನೋಂದಾಯಿಸಿದ್ದ ಕೆಲವರ ಬ್ಯಾಂಕ್ ಖಾತೆಗಳಿಂದ ಅವರ ಅರಿವಿಲ್ಲದೆ ಹಣ ತೆಗೆದ ಪ್ರಕರಣಗಳು ದಾಖಲಾದವು. ದಸ್ತಾವೇಜಿನ ಪ್ರತಿಗಳಲ್ಲಿದ್ದ ಆಧಾರ್ ಸಂಖ್ಯೆ ಹಾಗೂ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಾದ ಎಇಪಿಎಸ್ ಮೂಲಕ ಹಣ ಪಡೆಯಲಾಗಿತ್ತು. ಈ ವ್ಯವಸ್ಥೆಯಲ್ಲಿ ಬೆರಳಚ್ಚೇ ಸಹಿಯಾಗಿರುವುದರಿಂದ ಒಟಿಪಿಯ ಅಗತ್ಯವೇ ಬೀಳುವುದಿಲ್ಲ. ಗುಪ್ತಸಂಖ್ಯೆಯನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು.

ಇದಕ್ಕೆ ಪರಿಹಾರವಾಗಿ, ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ, ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಬಳಸಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಉಚಿತವಾಗಿ ಲಭ್ಯವಿದೆ. ಲಾಕ್ ಆಗಿರುವಾಗ ನ್ಯಾಯಬೆಲೆ ಅಂಗಡಿಯಲ್ಲಿಯೂ ಹೆಬ್ಬೆರಳು ಸ್ವೀಕೃತವಾಗದು. ಪಡಿತರಕ್ಕೆ ಹೋಗುವ ಮುನ್ನ ತಾತ್ಕಾಲಿಕವಾಗಿ ತೆರೆಯತಕ್ಕದ್ದು. ಮನೆಯ ಹಿರಿಯರ ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರದಿದ್ದಲ್ಲಿ, ಮೊದಲು ಅದನ್ನು ಆಧಾರ್ ನೋಂದಣಿ ಕೇಂದ್ರದಲ್ಲಿ ಮಾಡಿಸಬೇಕಾಗುತ್ತದೆ. ಪೂರ್ಣ ಸಂಖ್ಯೆ ಬೇಡದ ಕಡೆ, ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನೇ ನೀಡುವುದು ಸೂಕ್ತ.

ಹಣ ಕಳೆದುಕೊಂಡಲ್ಲಿ: ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸತಕ್ಕದ್ದು. ಗ್ರಾಹಕರ ಹಾಗೂ ಬ್ಯಾಂಕಿನ ತಪ್ಪಿಲ್ಲದೆ ಅನ್ಯರಿಂದ ನಷ್ಟವಾಗಿ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ದೂರು ನೀಡಿದಲ್ಲಿ ಗ್ರಾಹಕರಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಿಳಿಸಿದೆ. ಒಟಿಪಿಯನ್ನು ತಾವೇ ಹೇಳಿದ್ದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ಅಂತಹ ಸಂದರ್ಭದಲ್ಲಿ ಸಂಕೋಚದಿಂದ ದಿನ ಕಳೆಯುವುದು ನಷ್ಟವನ್ನು ಹೆಚ್ಚಿಸುತ್ತದೆ.

ಲಿಖಿತ ದೂರನ್ನು ಕಾರವಾರದ ಸಿಇಎನ್ ಅಪರಾಧ ಪೊಲೀಸ್ ಠಾಣೆಯಲ್ಲಿ ಸಲ್ಲಿಸಬಹುದು. ಪಾಸ್‌ಬುಕ್ ನಮೂದು, ಬಂದ ಸಂದೇಶಗಳು ಮತ್ತು 1930ರಲ್ಲಿ ನೀಡಿದ ದೂರಿನ ಸಂಖ್ಯೆಯನ್ನು ಜೊತೆಗೆ ತರುವುದು. ಮೊಬೈಲಿನಲ್ಲಿರುವ ಸಂದೇಶಗಳನ್ನು ಅಳಿಸಬಾರದು.