ಬರದ ಸೀಮೆಗೆ ಬಂದ ಯುರೋಪಿನ ವಾದಗಳು

1876ರಲ್ಲಿ ಮಳೆ ಕೈಕೊಟ್ಟಿತು. ಬಿಳಿಜೋಳಕ್ಕೆ ಹೆಸರಾದ ಡೋಣಿ ತೀರದ ಎರೆಹೊಲಗಳು ಬಿರುಕುಬಿಟ್ಟವು. ಬಿಜಾಪುರ (ಇಂದಿನ ವಿಜಯಪುರ), ಟಿಕೋಟಾ, ಬಬಲೇಶ್ವರ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ಕ್ಕೆ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಸತ್ತವರೂ ಗುಳೆ ಹೋಗಿ ತಿರುಗಿ ಬಾರದವರೂ ಸೇರಿ ಐವರಲ್ಲಿ ಒಬ್ಬರು ಲೆಕ್ಕದಿಂದಲೇ ಅಳಿಸಿಹೋಗಿದ್ದರು.

ಬರ ತಂದದ್ದು ಮುಗಿಲು. ಸಾವು ಹೆಚ್ಚಿಸಿದ್ದರಲ್ಲಿ ಒಂದು ಸಿದ್ಧಾಂತದ ಪಾಲೂ ಇತ್ತು.

ಆ್ಯಡಮ್ ಸ್ಮಿತ್ 1776ರಲ್ಲಿ ಮಂಡಿಸಿದ ಮುಕ್ತ ವ್ಯಾಪಾರದ ವಿಚಾರ ಒಂದು ಶತಮಾನದೊಳಗೆ ಇಂಗ್ಲೆಂಡಿನ ಉದಾರವಾದಿಗಳಿಗೆ ವೇದವಾಕ್ಯವಾಗಿತ್ತು. ಇಲ್ಲಿಗೆ ಬರುವ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು ಸ್ವತಃ ಮಾಲ್ಥಸ್. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಿದರೆ ಕೊರತೆ ಇನ್ನೂ ಹೆಚ್ಚುತ್ತದೆ ಎಂಬುದು ಈ ಪಾಠದ ತಿರುಳು. ವೈಸ್‌ರಾಯ್ ಲಿಟ್ಟನ್ ಅದನ್ನು ನಂಬಿದ್ದರು. ಅವರು ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಪುಡಿಗಾಸು ಸಾಕೆಂದರು. ಅಂದರೆ ಅರ್ಧ ಕಿಲೋಗೂ ಕಡಿಮೆ ಕಾಳಿನ ಮೇಲೆ ಇಡೀ ದಿನ ಕಲ್ಲು ಒಡೆಯಬೇಕು. ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದವರೂ ಇದೇ ಟೆಂಪಲ್. ಆಗ ದುಂದುವೆಚ್ಚದವರೆಂದು ಬೈಸಿಕೊಂಡಿದ್ದರು. ಈ ಸಲ ಆ ಕಳಂಕ ತೊಳೆದುಕೊಳ್ಳಲು ಹೊರಟಂತಿತ್ತು. ಕಲಾದಗಿ ಜಿಲ್ಲೆಗೆ ಇನ್ನೂ ರೈಲು ಬಂದಿರಲಿಲ್ಲ, ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಗಾಡಿ ಹೂಡಲು ಎತ್ತೇ ಇಲ್ಲದಲ್ಲಿ ಮಾರುಕಟ್ಟೆ ತಾನಾಗಿ ಕಾಳು ತರುವುದು ಹೇಗೆ? ಪುಣೆಯ ಸಾರ್ವಜನಿಕ ಸಭೆ ಊರೂರಿನ ವರದಿ ತರಿಸಿ ಸರ್ಕಾರಕ್ಕೆ ಇಂಥ ಪ್ರಶ್ನೆಗಳನ್ನೇ ಹಾಕಿತು. ಆಮೇಲೆ 1880ರ ಬರಗಾಲ ಆಯೋಗ, ಬರ ಸಂಹಿತೆ, ಹೋಟಗಿ–ಗದಗ ರೈಲುದಾರಿ ಬಂದವು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಆದಿಲ್‌ಶಾಹಿ ಅರಮನೆಗಳಲ್ಲಿ ಕಚೇರಿಗಳು ಕೂತವು.

ಎರಡನೆಯ ವಾದ ರಾಷ್ಟ್ರೀಯತೆ. ಒಂದು ನುಡಿಯ ಜನ ಒಂದು ರಾಜ್ಯವಾಗಬೇಕೆಂಬ ಹಂಬಲ ಇಟಲಿ, ಜರ್ಮನಿಗಳನ್ನು 1871ರ ಹೊತ್ತಿಗೆ ಒಂದುಗೂಡಿಸಿತ್ತು. ಇಟಲಿಯ ಮ್ಯಾಝಿನಿಯ ಹೆಸರು ಪುಣೆಯ ವಿದ್ಯಾರ್ಥಿಗಳ ಬಾಯಲ್ಲಿ ಓಡಾಡುತ್ತಿತ್ತು. 1907ರಲ್ಲಿ ಸಾವರ್ಕರ್ ಅವನ ಬರಹವನ್ನು ಮರಾಠಿಗೆ ತಂದರು. ಹಾಗೆ ಪುಣೆಯಲ್ಲಿ ಓದಿ, ಟಿಳಕರ ಪ್ರಭಾವಕ್ಕೆ ಒಳಗಾದವರಲ್ಲಿ ಆಲೂರು ವೆಂಕಟರಾಯರೂ ಒಬ್ಬರು. ಅವರು 1880ರ ಜುಲೈನಲ್ಲಿ ಹುಟ್ಟಿದ್ದು ಬಿಜಾಪುರದಲ್ಲಿ, ಕೆಲಸ ಮಾಡಿದ್ದು ಧಾರವಾಡದಲ್ಲಿ. ಅದೇ ತಿಂಗಳು ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿ ವಕೀಲಿಗೆಂದು ಬಂದು ಬಿಜಾಪುರದಲ್ಲೇ ಉಳಿದರು. ಎರಡು ಊರು ಮಕ್ಕಳನ್ನು ಅದಲುಬದಲು ಮಾಡಿಕೊಂಡವೆನ್ನಿ. ಆಲೂರರ ‘ಕರ್ನಾಟಕ ಗತವೈಭವ’ 1917ರಲ್ಲಿ ಬಂತು. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಅದು ಒಂದು ಹಿಂದಿನ ಕಾಲವನ್ನು ಕೊಟ್ಟಿತು.

ಹಳಕಟ್ಟಿಯವರ ಹೆಸರು ಕೇಳಿದೊಡನೆ ವಚನ ನೆನಪಾಗುತ್ತದೆ. 1923ರ ‘ವಚನಶಾಸ್ತ್ರಸಾರ’, 1926ರ ‘ಶಿವಾನುಭವ’, ಮುದ್ರಣಾಲಯಕ್ಕಾಗಿ ಮಾರಿದ ಮನೆ ಎಲ್ಲವೂ ಪ್ರಸಿದ್ಧ. ಆದರೆ 1912ರಲ್ಲಿ ಅವರು ಕಟ್ಟಿದ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಬೇರು ಜರ್ಮನಿಯಲ್ಲಿದೆ ಎಂಬುದನ್ನು ನೆನೆಯುವವರು ಕಡಿಮೆ.

ಸಹಕಾರವೆಂಬ ಈ ಮೂರನೆಯ ವಾದದ ಬೇರೂ ಬರದ ನೆಲದ್ದೇ. 1846–47ರ ಹಸಿವಿನ ಚಳಿಗಾಲದಲ್ಲಿ ರೈಫೈಸನ್ ಎಂಬ ಸಣ್ಣ ಊರಿನ ಮೇಯರ್ ಬಡವರಿಗೆ ರೊಟ್ಟಿ ಒದಗಿಸುವ ಸಂಘ ಕಟ್ಟಿದರು. ಮುಂದೆ ಅದು ಸಾಲದ ಸಂಘವಾಯಿತು: ಒಂದೂರಿನ, ಒಬ್ಬರನ್ನೊಬ್ಬರು ಬಲ್ಲ ಮಂದಿ, ಒಬ್ಬರ ಸಾಲಕ್ಕೆ ಎಲ್ಲರ ಹೊಣೆ. ಪಟ್ಟಣದ ಕಸುಬುದಾರರಿಗಾಗಿ ಶುಲ್ಜೆ-ಡೆಲಿಚ್ ಷೇರು ಬಂಡವಾಳದ ಬೇರೊಂದು ದಾರಿ ಹಾಕಿದರು. ದುಡಿಯುವವರು ತಾವೇ ಉಳಿಸಿ ತಾವೇ ಮೇಲೇಳಲಿ ಎಂಬುದು ಅವರ ಉದಾರವಾದಿ ನಿಲುವು. ಅದನ್ನು ಸಮಾಜವಾದಿ ಲಸಾಲ್ 1860ರ ದಶಕದಲ್ಲಿ ಹಿಗ್ಗಾಮುಗ್ಗಾ ಎಳೆದರು: ಉಳಿಸಲು ಏನೂ ಇಲ್ಲದವನು ಏನನ್ನು ಉಳಿಸಬೇಕು, ಬಂಡವಾಳ ಸರ್ಕಾರವೇ ಕೊಡಲಿ.

ಈ ಜಗಳ ಕಡಲು ದಾಟಿ ಬಂತು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ಯುರೋಪು ಸುತ್ತಿ ವರದಿ ಬರೆದು ರೈಫೈಸನ್ ದಾರಿಯನ್ನೇ ಮೆಚ್ಚಿದರು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು, ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಬಿಜಾಪುರದ ಬ್ಯಾಂಕು ಪಟ್ಟಣದ್ದು, ಶುಲ್ಜೆ ಕುಲದ್ದು. ತಮಾಷೆಯೆಂದರೆ, ಸ್ವಸಹಾಯದ ಈ ಚಳವಳಿ ನಮ್ಮಲ್ಲಿ ಹುಟ್ಟಿದ್ದೇ ಸರ್ಕಾರದ ಕಾಯ್ದೆಯಿಂದ, ಸರ್ಕಾರದ ರಿಜಿಸ್ಟ್ರಾರರ ಕಣ್ಗಾವಲಿನಲ್ಲಿ. ಲಸಾಲ್ ಇದ್ದಿದ್ದರೆ ನಕ್ಕುಬಿಡುತ್ತಿದ್ದರು.

ರಾಷ್ಟ್ರೀಯತೆಯ ಲೆಕ್ಕ 1956ರ ನವೆಂಬರ್ 1ರಂದು ಒಂದು ಹಂತಕ್ಕೆ ಬಂತು. ಬಿಜಾಪುರ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕೆಂಬ ವಾದ 1877ರಲ್ಲೇ ಈ ನೆಲದಲ್ಲಿ ಸೋತಿತ್ತು. ಸಹಕಾರದ ಸಾಲ ಬೀಜ, ಎತ್ತು, ಅಂಗಡಿಗೆ ಒದಗಬಲ್ಲದು. ಆದರೆ ಇಲ್ಲಿನ ಮುಖ್ಯ ಕೊರತೆ ನೀರಿನದು. ಕೃಷ್ಣೆಯನ್ನು ಎತ್ತರದ ನೆಲಕ್ಕೆ ಹತ್ತಿಸುವುದು ಯಾವ ಊರಿನ ಸಂಘದ ಕೈಯಲ್ಲೂ ಇರಲಿಲ್ಲ. ಟಿಕೋಟಾದ ದ್ರಾಕ್ಷಿ ಸೀಮೆಯತ್ತ ನೀರು ತರಲು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆ ಬೇಕಾಯಿತು, ಅದರ ದುಡ್ಡು ಸರ್ಕಾರದ್ದು. ಡೋಣಿ ಸೀಮೆಯಲ್ಲಾದರೂ ವಾದ ಗೆದ್ದದ್ದು ಲಸಾಲ್.