ಓದುಗನ ಹೊತ್ತನ್ನು ಉಳಿಸುವ ಉದ್ಯೋಗ

ನಿಮ್ಮ ಮನೆಯ ಮಗನೋ ಸೊಸೆಯೋ ‘ಎಸ್‌ಇಒ’ ಎಂಬ ಕೆಲಸಕ್ಕೆ ಸೇರಿದ್ದಾರೆ ಎಂದು ಇಟ್ಟುಕೊಳ್ಳಿ. ಮನೆಗೆ ಬಂದ ನೆಂಟರು “ಏನು ಉದ್ಯೋಗ?” ಎಂದು ಕೇಳಿದರೆ ನಿಮಗೆ ಉತ್ತರ ಹೇಳುವುದು ತುಸು ಕಷ್ಟವೇ. ಡಾಕ್ಟರು ಎಂದರೆ, ಮೇಷ್ಟ್ರು ಎಂದರೆ ಯಾರಿಗಾದರೂ ತಿಳಿಯುತ್ತದೆ. ಇದು ಹಾಗಲ್ಲ. ಅಂತರ್ಜಾಲದಲ್ಲಿ ಜನ ಏನನ್ನಾದರೂ ಹುಡುಕಿದಾಗ, ತಕ್ಕ ಪುಟ ಅವರ ಕಣ್ಣಿಗೆ ಬೀಳುವಂತೆ ಅದನ್ನು ಅಣಿಗೊಳಿಸುವ ಕೆಲಸವಿದು. ಇಂಥ ಕೆಲಸದಲ್ಲಿ ಒಬ್ಬರ ಮನಸ್ಸು ನೆಲೆಗೊಂಡೀತೇ? ಅಥವಾ ಇದು ತಿಂಗಳ ಸಂಬಳಕ್ಕಾಗಿ ಸುತ್ತುವ ಗಾಣವೇ?

ಹುಡುಕಿ ಬಂದವನಿಗೆ ಬೇಕಾದುದನ್ನು ಒದಗಿಸುವ ಕಸುಬು ಕಂಪ್ಯೂಟರಿಗಿಂತ ಬಹಳ ಹಳೆಯದು. ಆದುದರಿಂದ ಈ ಪ್ರಶ್ನೆಗೆ ಉತ್ತರವನ್ನು ಅರಸಿ ಸುಮಾರು ನೂರು ವರ್ಷ ಹಿಂದಕ್ಕೆ, ಮದರಾಸಿಗೆ ಹೋಗೋಣ, ಬನ್ನಿ.

1924ರ ಜನವರಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಎಸ್. ಆರ್. ರಂಗನಾಥನ್ ಎಂಬವರು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಆಗ ಅವರಿಗೆ ಮೂವತ್ತೊಂದು ವರ್ಷ. ಗ್ರಂಥಾಲಯದ ಕೆಲಸದ ಗಂಧವೂ ಇರಲಿಲ್ಲ. ಸಂಬಳ ಹೆಚ್ಚು ಎಂಬುದೇ ಆ ಹುದ್ದೆಯ ಆಕರ್ಷಣೆ. ತರಗತಿಯಲ್ಲಿ ಹುಡುಗರ ನಡುವೆ ಇದ್ದವರಿಗೆ, ಓದುಗರೇ ಬಾರದ ಆ ಕೊಠಡಿಯ ನಿಶ್ಶಬ್ದ ಸಹಿಸದಾಯಿತು. ಕೆಲವೇ ದಿನಗಳಲ್ಲಿ ಹಿಂದಿರುಗಿ, ತಮ್ಮನ್ನು ಪಾಠ ಹೇಳುವ ಕೆಲಸಕ್ಕೇ ಮರಳಿ ತೆಗೆದುಕೊಳ್ಳಬೇಕೆಂದು ಬೇಡಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯಶಾಸ್ತ್ರ ಕಲಿತು ಬರಲಿ, ಆಮೇಲೂ ಮನಸ್ಸು ಒಪ್ಪದಿದ್ದರೆ ಹಳೆಯ ಕೆಲಸವಿದ್ದೇ ಇದೆ ಎಂದು ತೀರ್ಮಾನವಾಯಿತು.

ಲಂಡನ್ನಿನಲ್ಲಿ ಅವರು ಬರ್ವಿಕ್ ಸೇಯರ್ಸ್ ಎಂಬ ಗುರುಗಳ ಬಳಿ ಕಲಿತರು, ಅನೇಕ ಗ್ರಂಥಾಲಯಗಳನ್ನು ಸುತ್ತಿದರು. ಅಲ್ಲಿ ದುಡಿಯುವ ಜನ, ಹೆಂಗಸರು, ಮಕ್ಕಳು ಪುಸ್ತಕಗಳನ್ನು ಬಳಸುವುದನ್ನು ಕಣ್ಣಾರೆ ಕಂಡರು. ಒಂದು ದೊಡ್ಡ ಅಂಗಡಿಯಲ್ಲಿ ‘ಮೆಕ್ಯಾನೋ’ ಎಂಬ ಆಟಿಕೆಯನ್ನು ನೋಡಿದರು. ಅವೇ ಕೆಲವು ಪಟ್ಟಿ, ತಿರುಪುಗಳಿಂದ ಬಗೆಬಗೆಯ ರೂಪಗಳನ್ನು ಕಟ್ಟಬಹುದಿತ್ತು. ವಿಷಯಗಳನ್ನೂ ಹೀಗೆಯೇ ಬಿಡಿಬಿಡಿ ಅಂಶಗಳಿಂದ ಕಟ್ಟಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅದೇ ಬೆಳೆದು, 1933ರಲ್ಲಿ ‘ಕೋಲನ್ ವರ್ಗೀಕರಣ’ ಎಂಬ ಗ್ರಂಥವಾಗಿ ಹೊರಬಂದಿತು. 1925ರಲ್ಲಿ ಮದರಾಸಿಗೆ ಮರಳಿದ ರಂಗನಾಥನ್ ಅವರು ಗಣಿತದ ಕೆಲಸವನ್ನು ಮತ್ತೆ ಕೇಳಲಿಲ್ಲ. ಸುಮಾರು ಇಪ್ಪತ್ತು ವರ್ಷ ಅದೇ ಗ್ರಂಥಾಲಯದಲ್ಲಿ ದುಡಿದರು.

1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳಲ್ಲಿ ನಾಲ್ಕನೆಯದನ್ನು ನೀವು ಗಮನಿಸಬೇಕು: ಓದುಗನ ಸಮಯವನ್ನು ಉಳಿಸು. ಎಷ್ಟು ಸರಳವಾದ ಮಾತು! ಬೇಸರ ತಂದಿದ್ದ ಹುದ್ದೆ ಪ್ರೀತಿಯ ಹುದ್ದೆಯಾದುದಕ್ಕೆ ಕಾರಣ ಈ ಮಾತಿನಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಕಪಾಟಿನ ಆಚೆ ನಿಂತ ಮನುಷ್ಯ ಅವರ ಕಣ್ಣಿಗೆ ಬಿದ್ದಿದ್ದ. ಈ ಮಹನೀಯರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ಇನ್ನು ಕಂಪ್ಯೂಟರಿನ ಕಾಲಕ್ಕೆ ಬರೋಣ. 1990ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಆಲನ್ ಎಮ್‌ಟೇಜ್ ಎಂಬ ವಿದ್ಯಾರ್ಥಿ ‘ಆರ್ಚೀ’ ಎಂಬ ಶೋಧ ಸಾಧನವನ್ನು ರಚಿಸಿದರು. ಮುಂದೆ ಜಾಲದ ಪುಟಗಳು ಲಕ್ಷಗಟ್ಟಲೆ ಬೆಳೆದಾಗ ಹಳೆಯ ತೊಡಕೇ ಹೊಸ ವೇಷದಲ್ಲಿ ಎದುರಾಯಿತು: ಪುಟವಿದೆ, ಬೇಕಾದವನಿಗೆ ಸಿಗುತ್ತಿಲ್ಲ. ಪತ್ರಿಕೋದ್ಯೋಗದಿಂದ ಬಂದ ಅಮೆರಿಕದ ಡ್ಯಾನಿ ಸಲಿವನ್ ಅವರು, ಶೋಧಯಂತ್ರಗಳು ಪುಟಗಳನ್ನು ಹೇಗೆ ಓದುತ್ತವೆ, ಹೇಗೆ ಸಾಲಿನಲ್ಲಿ ನಿಲ್ಲಿಸುತ್ತವೆ ಎಂದು ತಾವೇ ಪರೀಕ್ಷಿಸಿ, 1996ರಲ್ಲಿ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಅನೇಕರಿಗೆ ಈ ಕಸುಬಿನ ಮೊದಲ ಪಾಠ ಅದೇ ಆಯಿತು. ವರದಿಗಾರನ ಕುತೂಹಲ ಅವರನ್ನು ಆಯುಷ್ಯದ ಬಹುಭಾಗ ಈ ಕ್ಷೇತ್ರದಲ್ಲಿಯೇ ಹಿಡಿದು ನಿಲ್ಲಿಸಿತು.

ಆದರೆ ಈ ಹೊಲದಲ್ಲಿ ಕಳೆಯೂ ಬೆಳೆಯಿತು. ಒಂದೇ ಪದವನ್ನು ನೂರು ಸಲ ತುರುಕುವುದು, ಬಿಳಿಯ ಪುಟದ ಮೇಲೆ ಬಿಳಿಯ ಅಕ್ಷರಗಳನ್ನು ಅಡಗಿಸಿಡುವುದು ಮೊದಲಾದ ಯುಕ್ತಿಗಳಿಂದ ಮೇಲೇರಲು ಹಲವರು ಹೊರಟರು. 1998ರಲ್ಲಿ ಸ್ಥಾಪನೆಯಾದ ಗೂಗಲ್ ಸಂಸ್ಥೆ, ಒಂದು ಪುಟಕ್ಕೆ ಇತರ ಪುಟಗಳು ನೀಡುವ ಕೊಂಡಿಗಳನ್ನು ಒಂದು ಬಗೆಯ ಮತವೆಂದು ಎಣಿಸಿತು. ಕೂಡಲೇ ಕೊಂಡಿಗಳನ್ನೂ ಹಣಕ್ಕೆ ಮಾರುವವರು ಹುಟ್ಟಿಕೊಂಡರು. 2011ರಲ್ಲಿ ‘ಪಾಂಡಾ’, 2012ರಲ್ಲಿ ‘ಪೆಂಗ್ವಿನ್’ ಎಂಬ ಮಾರ್ಪಾಡುಗಳನ್ನು ಮಾಡಿ ಆ ಸಂಸ್ಥೆ ಜೊಳ್ಳು ಬರಹವನ್ನೂ ಕೃತಕ ಕೊಂಡಿಗಳನ್ನೂ ಕೆಳಕ್ಕೆ ತಳ್ಳಿತು. ಯುಕ್ತಿಯನ್ನೇ ನಂಬಿ ಬದುಕಿದ್ದ ತಾಣಗಳು ಒಮ್ಮೆಗೇ ಸೊರಗಿದವು.

ಇದು ಬರಿಯ ವ್ಯಾಪಾರದ ಮಾತೆಂದು ತಳ್ಳಿಹಾಕಬೇಡಿ. ನಡುರಾತ್ರಿ ಹಾವು ಕಚ್ಚಿದವನ ಹೆಂಡತಿ ಏನು ಮಾಡಬೇಕೆಂದು ಹುಡುಕುತ್ತಾಳೆ. ಹಳ್ಳಿಯ ಹುಡುಗಿ ವಿದ್ಯಾರ್ಥಿವೇತನದ ಅರ್ಜಿಯನ್ನು ಹುಡುಕುತ್ತಾಳೆ. ಅವರ ಮುಂದೆ ಮೊದಲು ನಿಲ್ಲುವ ಪುಟ ನಿಜ ಹೇಳುತ್ತದೆಯೇ, ಅವರು ಆಡುವ ಕನ್ನಡದಲ್ಲಿ ಹೇಳುತ್ತದೆಯೇ, ತಡವಿಲ್ಲದೆ ತೆರೆಯುತ್ತದೆಯೇ? ಈ ಮೂರನ್ನೂ ನೋಡಿಕೊಳ್ಳುವವನು ರಂಗನಾಥನ್ ಅವರ ನಾಲ್ಕನೆಯ ಸೂತ್ರವನ್ನು ಪಾಲಿಸುತ್ತಿದ್ದಾನೆ, ಅವರ ಹೆಸರನ್ನು ಆತ ಕೇಳಿರಲಿ, ಕೇಳದಿರಲಿ.

ಒಲವು ಮೊದಲೇ ಹುಟ್ಟಿ ಆಮೇಲೆ ಉದ್ಯೋಗವನ್ನು ಹುಡುಕಿಕೊಳ್ಳುತ್ತದೆ ಎಂದು ನಾವು ಭಾವಿಸುತ್ತೇವೆ. ರಂಗನಾಥನ್ ಅವರಿಗೆ ಹಾಗಾಗಲಿಲ್ಲ. ಕೆಲಸವನ್ನು ಕಲಿತರು, ಅದರಿಂದ ಯಾರಿಗೆ ಉಪಕಾರವೆಂದು ಕಂಡರು, ಬಳಿಕ ಒಲವು ತಾನಾಗಿ ಬಂದಿತು. ಹೊಸ ಕೆಲಸಕ್ಕೆ ಸೇರಿ ಬೇಸರಗೊಂಡಿರುವ ನಿಮ್ಮ ಮಕ್ಕಳಿಗೆ ಈ ಕಥೆಯನ್ನು ಹೇಳಿ. ಮತ್ತೆ ನೆಂಟರು ಬಂದು ಉದ್ಯೋಗ ಕೇಳಿದಾಗ, “ಹುಡುಕುವವರ ಹೊತ್ತನ್ನು ಉಳಿಸುವ ಕೆಲಸ” ಎಂದರೆ ಅವರಿಗೂ ಅರ್ಥವಾದೀತು.